"ಅಮ್ಮಾ, ನಮ್ಮ ಹತ್ತಿರ ದುಡ್ಡಿಲ್ವಾ?" ಅಂತ ಮಗು ಕೇಳಿದರೆ ಏನು ಹೇಳುತ್ತೀರಿ?

ಇಬ್ಬರ ಅಮ್ಮ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೈಯಬೇಡಿ.

ಮಗಳಿಗೆ 9 ವರ್ಷ, ಮಗನಿಗೆ 4. ಹೋದ ವರ್ಷ ನಮ್ಮ ಯಜಮಾನರ ಕೆಲಸ ಹೋಯಿತು. ಈಗ ಬೇರೆ ಕಡೆ ಸೇರಿದ್ದಾರೆ, ಆದರೆ ಮೊದಲಿನ ಸಂಬಳದ ಅರ್ಧವೂ ಇಲ್ಲ. ಬಾಡಿಗೆ, ಫೀಸು, ಸಾಲದ ಕಂತು ಕಟ್ಟಿದ ಮೇಲೆ ಉಳಿದದ್ದು ಮನೆ ಸಾಮಾನಿಗೆ ಸರಿಹೋಗುತ್ತದೆ, ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಮಕ್ಕಳ ಕಾಲು ತಿಂಗಳು ತಿಂಗಳು ಉದ್ದ ಆಗುತ್ತಿದೆ, ಹಾಸಿಗೆ ಮಾತ್ರ ಒಗೆದ ಬಟ್ಟೆ ಥರ ಕುಗ್ಗುತ್ತಿದೆ.

ಹೋದ ವಾರ ಮಗಳ ಕಂಪಾಸ್ ಬಾಕ್ಸ್ ಒರೆಸೋಣ ಅಂತ ತೆಗೆದೆ. ತಳದಲ್ಲಿ, ಸ್ಕೇಲಿನ ಕೆಳಗೆ, ಒಂದು ಕಾಗದ ಇತ್ತು. ಮಡಚಿ ಮಡಚಿ ರಬ್ಬರಿನಷ್ಟು ಚಿಕ್ಕದು ಮಾಡಿದ್ದಳು. ಬಿಡಿಸಿ ನೋಡಿದರೆ ಶಾಲೆಯ ಪ್ರವಾಸದ ಸುತ್ತೋಲೆ. ದುಡ್ಡು ಕಟ್ಟುವ ಕೊನೇ ದಿನ ಮುಗಿದು ಆಗಲೇ ಹತ್ತು ದಿನ ಆಗಿತ್ತು. ಕೇಳಿದ್ದಕ್ಕೆ, "ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ, ಅದಕ್ಕೆ ಬರಲ್ಲ ಅಂತ ಮಿಸ್‌ಗೆ ಹೇಳಿಬಿಟ್ಟೆ" ಅಂದಳು. ಅವಳಿಗೆ ಬಸ್ಸಿನಲ್ಲಿ ಒಂದು ಸಲವೂ ವಾಂತಿ ಬಂದಿಲ್ಲ.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು, "ಅಮ್ಮಾ, ನಮ್ಮ ಹತ್ತಿರ ದುಡ್ಡಿಲ್ವಾ?" ನಾನು "ಹಾಗೇನಿಲ್ಲ, ಮಲಕ್ಕೋ" ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಹಟ ಮಾಡಿ, ಅತ್ತು ಕರೆದು ರಂಪ ಮಾಡಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ. ಕೈ ಬಿಗಿ ಇರುವಾಗ ಮಕ್ಕಳನ್ನು ಖುಷಿಯಾಗಿ ಬೆಳೆಸಿದವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ಏನು ಮಾಡಿದಿರಿ? ಆ ಪ್ರಶ್ನೆಗೆ ಏನು ಉತ್ತರ ಕೊಟ್ಟಿರಿ?

ಪುಟ್ಟಿ ಅಪ್ಪ:
ಧೈರ್ಯ ಕಳೆದುಕೊಳ್ಳಬೇಡಿ ಅಕ್ಕ. ಮಕ್ಕಳಿಗೆ ದುಡ್ಡು ಬೇಕಿಲ್ಲ, ಪ್ರೀತಿ ಬೇಕು. ನಿಮ್ಮ ಸಮಯ ಕೊಡಿ, ಅದಕ್ಕೆ ಖರ್ಚೇ ಇಲ್ಲ. ನಮ್ಮ ಪುಟ್ಟಿಗೆ ಎಷ್ಟೇ ಆಟಿಕೆ ತಂದರೂ ಕೊನೆಗೆ ಆಡುವುದು ಅದು ಬಂದ ರಟ್ಟಿನ ಡಬ್ಬದ ಜೊತೆ!

ರಾತ್ರಿಪಾಳಿ:
ಪುಟ್ಟಿ ಅಪ್ಪ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಈ "ಸಮಯ ಕೊಡಿ, ಖರ್ಚಿಲ್ಲ" ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಒಬ್ಬಳೇ ಮಗನನ್ನು ಸಾಕುತ್ತಿದ್ದೇನೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಕೆಲಸ. ಮಧ್ಯಾಹ್ನ ಇನ್ನೊಂದು ಕಡೆ ಮೂರು ಗಂಟೆ. ದುಡ್ಡಿಲ್ಲದವರ ಹತ್ತಿರ ಮೊದಲು ಖಾಲಿ ಆಗುವುದೇ ಸಮಯ. ಎರಡು ಬಸ್ಸು ಬದಲಾಯಿಸುವುದಕ್ಕೆ ಸಮಯ, ಕೆಟ್ಟ ಮಿಕ್ಸಿ ರಿಪೇರಿಗೆ ಅಲೆಯುವುದಕ್ಕೆ ಸಮಯ, ಕಡಿಮೆ ಬೆಲೆಗೆ ಸಿಗುತ್ತೆ ಅಂತ ದೂರದ ಅಂಗಡಿಗೆ ನಡೆಯುವುದಕ್ಕೆ ಸಮಯ. ಇದನ್ನೆಲ್ಲ ಕೊಟ್ಟ ಮೇಲೆ ಮಗನಿಗೆ ಉಳಿಯುವುದು ನಿದ್ದೆಗಣ್ಣಿನ ಅಮ್ಮ.

ಮೇಲೆ ಪ್ರಶ್ನೆ ಕೇಳಿದವರಿಗೆ: ನಿಮ್ಮ ಮಗಳು ಮಾಡಿದ್ದನ್ನು ನನ್ನ ಮಗನೂ ಮಾಡಿದ್ದಾನೆ. ಶೂ ಚಿಕ್ಕದಾಗಿ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಹೇಳಿರಲಿಲ್ಲ. ಉತ್ತರ ನನಗೂ ಬೇಕು.

ಹಳೇ ಮೇಷ್ಟ್ರು:
ನೋಡಮ್ಮಾ, ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಕಂಪಾಸ್ ಬಾಕ್ಸಿನ ತಳದ ಸುತ್ತೋಲೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಅಜ್ಜಿ ಮನೆಗೆ ಹೋಗುವುದಿದೆ. ಎಲ್ಲ ಸುಳ್ಳು. ಅಪ್ಪ ಅಮ್ಮನ ಮರ್ಯಾದೆ ಉಳಿಸಲು ಮಕ್ಕಳು ಹೇಳುವ ಸುಳ್ಳು. ಬೈಯಲು ನನಗೆ ಯಾವತ್ತೂ ಬಾಯಿ ಬಂದಿಲ್ಲ.

ಅಮೆರಿಕದ ಅಯೋವಾ ರಾಜ್ಯದಲ್ಲಿ 1980ರ ದಶಕದಲ್ಲಿ ಬೇಸಾಯ ನೆಲಕಚ್ಚಿತು. ಎಷ್ಟೋ ಕುಟುಂಬಗಳು ಸಾಲದಲ್ಲಿ ಮುಳುಗಿದವು. ರ‍್ಯಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಮತ್ತು ಅವರ ಜೊತೆಗಾರರು ಅಲ್ಲಿಯ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದರು. ದುಡ್ಡಿನ ಬಿಸಿ ಮಕ್ಕಳಿಗೆ ಹೆಚ್ಚಾಗಿ ಅಪ್ಪ ಅಮ್ಮನ ಮೂಲಕ ತಟ್ಟುತ್ತದೆ ಅಂತ ಅವರು ಕಂಡುಕೊಂಡರು. ಮೊದಲು ದೊಡ್ಡವರು ಮನಸ್ಸಿನಲ್ಲೇ ಕುಗ್ಗುತ್ತಾರೆ. ಆಮೇಲೆ ಗಂಡ ಹೆಂಡತಿ ಜಗಳ. ಆಮೇಲೆ ಮಕ್ಕಳ ಮೇಲೆ ಸಿಡುಕು. ಮಗುವಿನ ಕಣ್ಣಿಗೆ ಬೀಳುವುದು ಸಿಡುಕು ಮಾತ್ರ. ಕಾರಣ ಯಾರೂ ಹೇಳದಿದ್ದರೆ ಅದು ತನ್ನಿಂದಲೇ ಆಯಿತು ಅಂದುಕೊಳ್ಳುತ್ತದೆ. ಈ ಕೊನೇ ಮಾತು ಮಾತ್ರ ನನ್ನದು, ತರಗತಿಯಲ್ಲಿ ನೋಡಿದ್ದು.

ಅದಕ್ಕೇ ನಿಜ ಹೇಳಿಬಿಡಿ. ಹಗಲು ಹೊತ್ತಿನಲ್ಲಿ, ಕೈಯಲ್ಲಿ ಏನಾದರೂ ಕೆಲಸ ಇರುವಾಗ ಹೇಳಿ. ಎದುರಿಗೆ ಕೂರಿಸಿಕೊಂಡು ಹೇಳಿದರೆ ಹೆದರುತ್ತಾರೆ. ಹೆಚ್ಚೂಕಡಿಮೆ ಹೀಗೆ: "ಅಪ್ಪನ ಸಂಬಳ ಈಗ ಕಡಿಮೆ ಆಗಿದೆ. ಮನೆಗೆ, ಊಟಕ್ಕೆ, ನಿಮ್ಮ ಶಾಲೆಗೆ ಇದೆ. ಬೇರೆ ಎಷ್ಟೋ ವಿಷಯಕ್ಕೆ ಸದ್ಯಕ್ಕೆ ಇಲ್ಲ. ಅದನ್ನು ನೋಡಿಕೊಳ್ಳೋದು ನನ್ನ, ಅಪ್ಪನ ಕೆಲಸ. ಸುತ್ತೋಲೆ ತಂದು ಕೊಡೋದು ನಿನ್ನ ಕೆಲಸ. ಆಗುತ್ತಾ ಇಲ್ವಾ ಅಂತ ನಾವು ಹೇಳ್ತೀವಿ." ಆ ಕೊನೇ ಎರಡು ವಾಕ್ಯ ಬಿಡಬೇಡಿ. ಅವಳು ತಲೆ ಮೇಲೆ ಹೊತ್ತುಕೊಂಡಿರುವುದು ಅದನ್ನೇ.

ಇನ್ನೊಂದು. ಶಾಲೆಯಲ್ಲಿ ಕ್ಲಾಸ್ ಟೀಚರ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ. ಕಂತಿನಲ್ಲಿ ಕಟ್ಟಲು, ಹಳೇ ಸಮವಸ್ತ್ರ ಕೊಡಿಸಲು ಎಷ್ಟೋ ಕಡೆ ದಾರಿ ಇರುತ್ತದೆ. ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಲೆಕ್ಕದ ಪುಸ್ತಕ:
ಮೇಷ್ಟ್ರು ಹೇಳಿದ ಕೊನೇ ಎರಡು ವಾಕ್ಯಕ್ಕೆ ನನ್ನದೂ ಒಂದು ಸಾಕ್ಷಿ. ನಾನು ಅದನ್ನು ಬಿಟ್ಟು ಕೆಟ್ಟವನು.

ಮಗನಿಗೆ ಹತ್ತು ವರ್ಷ ಆಗಿದ್ದಾಗ ನಮ್ಮ ಅಂಗಡಿ ಮುಚ್ಚಬೇಕಾಯಿತು. ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಾಗಲಿ ಅಂತ ಮನೆ ಖರ್ಚಿನ ಪುಸ್ತಕವನ್ನೇ ಅವನ ಕೈಗೆ ಕೊಟ್ಟೆ. ಎಷ್ಟು ಚೆನ್ನಾಗಿ ಬರೆಯುತ್ತಿದ್ದ ಗೊತ್ತಾ! ಗೆರೆ ಎಳೆದು, ಬಾಡಿಗೆಗೆ ಒಂದು ಪುಟ, ಕರೆಂಟಿಗೆ ಒಂದು, ಡಾಕ್ಟರಿಗೆ ಒಂದು. ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ. ಪೆನ್ಸಿಲನ್ನು ಹಿಡಿಯಲಾಗದಷ್ಟು ಗಿಡ್ಡ ಆಗುವವರೆಗೆ ಬರೆಯುತ್ತಿದ್ದ. ಅದನ್ನೂ ಜಾಣತನ ಅಂದುಕೊಂಡೆ. ಒಂದು ರಾತ್ರಿ ಹೊದಿಕೆ ಸರಿಮಾಡಲು ಹೋದರೆ ಮೈ ಕೆಂಡದ ಹಾಗೆ ಸುಡುತ್ತಿದೆ. ಯಾವಾಗಿಂದ ಜ್ವರ ಅಂದರೆ ನಿನ್ನೆಯಿಂದ. ಯಾಕೋ ಹೇಳಲಿಲ್ಲ ಅಂದೆ. "ಬೇಡ ಅಪ್ಪ, ಡಾಕ್ಟರ್ ಪೇಜು ಈ ತಿಂಗಳು ತುಂಬಿದೆ" ಅಂದ.

ಮಾರನೇ ದಿನವೇ ಪುಸ್ತಕ ವಾಪಸ್ ತೆಗೆದುಕೊಂಡೆ. ಈಗ ಅವನಿಗೂ ತಂಗಿಗೂ ಸೇರಿ ತಿಂಗಳಿಗೆ ಒಂದು ಚಿಕ್ಕ ಮೊತ್ತ ಕೊಡುತ್ತೇವೆ, "ಮಜಾ ದುಡ್ಡು" ಅಂತ. ಏನು ಮಾಡಬೇಕು ಅನ್ನುವುದು ಪೂರ್ತಿ ಅವರಿಗೆ ಬಿಟ್ಟದ್ದು. ದಂಡ ಮಾಡಿದರೂ ನಾವು ತುಟಿ ಬಿಚ್ಚುವುದಿಲ್ಲ. ಒಮ್ಮೆ ಪೂರ್ತಿ ದುಡ್ಡಿಗೆ ಬಲೂನು ತಂದು ಒಂದೇ ಸಂಜೆಯಲ್ಲಿ ಎಲ್ಲ ಒಡೆದರು. ಹೊಟ್ಟೆ ಉರಿಯಿತು, ನಿಜ. ಆದರೆ ಆ ಸಂಜೆಯ ನಗು ಇನ್ನೂ ನೆನಪಿದೆ.

ಚಿಲಿಪಿಲಿ:
ಡಾಕ್ಟರ್ ಪೇಜು ಓದಿ ಕಣ್ಣು ತುಂಬಿ ಬಂತು. ಆಫೀಸಲ್ಲಿ ಇದ್ದೇನೆ, ಏನಾಯ್ತು ಅಂತ ಎಲ್ಲ ಕೇಳುತ್ತಿದ್ದಾರೆ.

ಸೂಜಿದಾರ:
ನಾನು ಹೊಲಿಗೆ ಕೆಲಸದವಳು. ಮೂರು ಮಕ್ಕಳು, ಮೂರೂ ದೊಡ್ಡವರಾಗಿದ್ದಾರೆ. ಮನಸ್ಸಿನ ವಿಷಯ ಮೇಷ್ಟ್ರು ಹೇಳಿದರು, ನಾನು ಕೈಕೆಲಸದ ವಿಷಯ ಹೇಳುತ್ತೇನೆ.

ಬಟ್ಟೆ: ಉದ್ದಕ್ಕೆ ಜಾಗ ಬಿಟ್ಟು ಹೊಲಿಸಿ. ಫ್ರಾಕಿನ ಕೆಳಗೆ ನಾಲ್ಕು ಬೆರಳು ಮಡಿಸಿ ಹೊಲಿದರೆ ಎರಡು ವರ್ಷ ಬಿಚ್ಚುತ್ತಾ ಹೋಗಬಹುದು. ಬಿಚ್ಚಿದ ಕಡೆ ಹಳೇ ಮಡಿಕೆಯ ಗೆರೆ ಕಾಣುತ್ತದೆ. ಅದರ ಮೇಲೆ ಒಂದು ಬಣ್ಣದ ಪಟ್ಟಿ ಓಡಿಸಿದರೆ ಡಿಸೈನು ಅಂದುಕೊಳ್ಳುತ್ತಾರೆ. ಮೊಣಕಾಲು ಹರಿದರೆ ಒಳಗಿಂದ ತೇಪೆ ಹಾಕಬೇಡಿ, ಹೊರಗಿಂದ ಹಾಕಿ. ಯಾವ ಆಕಾರ ಬೇಕು ಅಂತ ಮಗುವನ್ನೇ ಕೇಳಿ. ನನ್ನ ನಡುವಿನವನು ಮೀನು ಬೇಕು ಅಂದ. ಹಾಕಿಕೊಟ್ಟೆ. ಮಾರನೇ ವಾರ ಪಕ್ಕದ ಮನೆ ಹುಡುಗ ಹರಿಯದ ಪ್ಯಾಂಟು ತಂದು "ನಂಗೂ ಮೀನು" ಅಂತ ನಿಂತಿದ್ದ.

ಆಟಿಕೆ: ಇರುವುದರಲ್ಲೇ ಮುಕ್ಕಾಲು ಪಾಲು ಮೂಟೆ ಕಟ್ಟಿ ಅಟ್ಟದ ಮೇಲೆ ಹಾಕಿ. ಎರಡು ಮೂರು ವಾರಕ್ಕೊಮ್ಮೆ ಬದಲಾಯಿಸಿ. ಹೊಸದು ಬಂದಷ್ಟೇ ಖುಷಿ. ಇದು ನನ್ನ ಅಜ್ಜಿ ಮಾಡುತ್ತಿದ್ದ ಉಪಾಯ. ಆದರೆ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ ಅಂತ ನನ್ನ ಮಗಳು ತೋರಿಸಿದಳು. 36 ಪುಟ್ಟ ಮಕ್ಕಳು. ಒಂದು ಸಲ ಮುಂದೆ 4 ಆಟಿಕೆ, ಇನ್ನೊಂದು ಸಲ 16. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಜಾಸ್ತಿ ಹೊತ್ತು ಆಡಿದವು, ಬೇರೆ ಬೇರೆ ಥರ ಆಡಿದವು. ಜಾಸ್ತಿ ಇದ್ದಾಗ ಒಂದನ್ನು ಮುಟ್ಟಿ ಇನ್ನೊಂದಕ್ಕೆ ಹಾರುವುದೇ ಆಯಿತು.

ಪುಟ್ಟಿ ಅಪ್ಪ ಹೇಳಿದ ರಟ್ಟಿನ ಡಬ್ಬ ಸುಮ್ನೆ ಮಾತಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿ ದಿ ಸ್ಟ್ರಾಂಗ್ ಅನ್ನುವ ಆಟದ ಮ್ಯೂಸಿಯಂ ಇದೆ. ಅಲ್ಲಿ ದೊಡ್ಡ ದೊಡ್ಡ ಕಂಪನಿ ಆಟಿಕೆಗಳಿಗೆ ಗೌರವ ಕೊಟ್ಟು ಒಂದು ಪಟ್ಟಿಗೆ ಸೇರಿಸುತ್ತಾರೆ. 2005ರಲ್ಲಿ ಆ ಪಟ್ಟಿಗೆ ರಟ್ಟಿನ ಡಬ್ಬ ಸೇರಿತು. 2008ರಲ್ಲಿ ಕೋಲು. ಹೌದು, ಮರದಿಂದ ಬಿದ್ದ ಕೋಲು! 2011ರಲ್ಲಿ ಕಂಬಳಿ. ಈ ಮೂರೂ ಯಾರ ಮನೆಯಲ್ಲಿ ಇಲ್ಲ ಹೇಳಿ?

ಪುಟ್ಟಿ ಅಪ್ಪ:
ಕೋಲಿಗೂ ಪ್ರಶಸ್ತಿ! ಇವತ್ತೇ ಪುಟ್ಟಿಗೆ ಹೇಳುತ್ತೇನೆ. ರಾತ್ರಿಪಾಳಿ ಅವರೇ, ನಾನು ಯೋಚನೆ ಮಾಡದೆ ಬರೆದೆ. ನನ್ನ ಹೆಂಡತಿ ಓದಿ, "ಸಮಯಕ್ಕೆ ಖರ್ಚಿಲ್ಲ ಅಂತ ಬರೆದವರು ಮನೆಯಲ್ಲಿ ಎಷ್ಟು ಗಂಟೆ ಇರ್ತಾರಂತೆ?" ಅಂತ ಕೇಳಿದಳು.

ಹಳೇ ಮೇಷ್ಟ್ರು:
ರಾತ್ರಿಪಾಳಿಯವರ ಮಾತಿನ ಹಿಂದೆ ದೊಡ್ಡ ಸತ್ಯ ಇದೆ. ನಾನೂ ಅದನ್ನು ಹಾರಿಸಿಕೊಂಡು ಹೋಗಿದ್ದೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಜೇನ್ ಕಾಸ್ಟೆಲೊ ಅನ್ನುವವರು 1993ರಿಂದ 1,420 ಮಕ್ಕಳನ್ನು ಅಧ್ಯಯನ ಮಾಡುತ್ತಿದ್ದರು. ಅವರಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಅಲ್ಲಿನ ಮೂಲನಿವಾಸಿ ಚೆರೊಕೀ ಸಮುದಾಯದ ಕಡೆಯ ಮಕ್ಕಳು. ಮಧ್ಯದಲ್ಲಿ ಆ ಸಮುದಾಯದ ಜಾಗದಲ್ಲಿ ಒಂದು ಕ್ಯಾಸಿನೊ ತೆರೆಯಿತು. ಅದರ ಲಾಭದಲ್ಲಿ ಸಮುದಾಯದ ಎಲ್ಲರಿಗೂ ಪಾಲು ಬರತೊಡಗಿತು. ಯಾರೂ ಯೋಜನೆ ಹಾಕದೆ ಒಂದು ಪ್ರಯೋಗವೇ ನಡೆದ ಹಾಗಾಯಿತು. ಬಡತನದಿಂದ ಮೇಲೆ ಬಂದ ಮನೆಗಳ ಮಕ್ಕಳಲ್ಲಿ ಜಗಳ, ಮೊಂಡಾಟ, ಪುಂಡಾಟ ಕಡಿಮೆ ಆಯಿತು. 2003ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಕಾರಣವಾಗಿ ಎದ್ದು ಕಂಡದ್ದು ಏನು ಗೊತ್ತಾ? ಮಕ್ಕಳನ್ನು ನೋಡಿಕೊಳ್ಳಲು ಅಪ್ಪ ಅಮ್ಮನಿಗೆ ಸಮಯ ಸಿಕ್ಕಿದ್ದು. ಅಂದರೆ ದುಡ್ಡು ಸಮಯವಾಗಿ ಮಗುವಿಗೆ ತಲುಪಿತ್ತು. ಹಾಗಾಗಿ "ದುಡ್ಡು ಮುಖ್ಯ ಅಲ್ಲ" ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಿಮ್ಮ ಸುಸ್ತು ನಿಮ್ಮ ತಪ್ಪಲ್ಲ, ತಾಯಿ.

ರಾತ್ರಿಪಾಳಿ:
ಮೇಷ್ಟ್ರೇ, ಕೊನೇ ಸಾಲು ಎರಡು ಸಲ ಓದಿದೆ.

ನಾನೂ ಬರೀ ಗೊಣಗಿ ಹೋಗುವುದು ಬೇಡ. ನಮ್ಮ ಮನೆಯಲ್ಲಿ ನಡೆದದ್ದು ಇಷ್ಟು. ಬಾಗಿಲ ಹಿಂದೆ ಒಂದು ಹಳೇ ಸ್ಲೇಟು ನೇತುಹಾಕಿದ್ದೇನೆ. ನಾನು ಕೆಲಸಕ್ಕೆ ಹೋಗುವಾಗ ಒಂದು ಒಗಟು ಬರೆದು ಹೋಗುತ್ತೇನೆ. ಅವನು ಬೆಳಗ್ಗೆ ಎದ್ದು ಉತ್ತರ ಬರೆದು, ತನ್ನ ಒಗಟು ಕೆಳಗೆ ಬರೆದು ಶಾಲೆಗೆ ಹೋಗುತ್ತಾನೆ. ಎಷ್ಟೋ ದಿನ ನಾವು ಎಚ್ಚರವಾಗಿ ಒಬ್ಬರನ್ನೊಬ್ಬರು ನೋಡುವುದು ಒಂದು ಗಂಟೆ. ಆದರೆ ಸ್ಲೇಟು ದಿನಾ ಮಾತಾಡುತ್ತದೆ. ಈಚೆಗೆ ಅವನ ಒಗಟು ಕಷ್ಟ ಆಗುತ್ತಿದೆ. ಕೆಲಸದ ಮಧ್ಯೆ ಯೋಚನೆ ಮಾಡುತ್ತಾ ಇರುತ್ತೇನೆ.

ವಾರದಲ್ಲಿ ಒಂದು ಸಂಜೆ ಮಾತ್ರ ಪೂರ್ತಿ ಅವನಿಗೆ. ಆ ದಿನ ಮನೆ ಗುಡಿಸಲ್ಲ, ಪಾತ್ರೆ ಹಾಗೇ ಇರುತ್ತದೆ. ಯಾರಾದರೂ ಬಂದರೆ ನಾಚಿಕೆ ಆಗುತ್ತದೆ. ಆಗಲಿ ಬಿಡಿ.

ನರ್ಸಕ್ಕ:
ಎಲ್ಲರೂ ಉಳಿಸುವ ದಾರಿ ಹೇಳುತ್ತಿದ್ದೀರಿ. ನಾನು ಎಲ್ಲಿ ಉಳಿಸಬಾರದು ಅಂತ ಹೇಳುತ್ತೇನೆ.

ಕಣ್ಣು. ಲಸಿಕೆ. ಹಲ್ಲು. ಒಬ್ಬ ಹುಡುಗ ಓದಿನಲ್ಲಿ ಹಿಂದೆ, ಗಮನ ಇಲ್ಲ ಅಂತ ಎರಡು ವರ್ಷ ಏಟು ತಿಂದಿದ್ದ. ನಮ್ಮಲ್ಲಿ ಕಣ್ಣು ಪರೀಕ್ಷೆ ಮಾಡಿದಾಗ ಮೇಲಿನ ದೊಡ್ಡ ಅಕ್ಷರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿ ಕಿಟಕಿ ಹತ್ತಿರ ಹೋದವನು "ಮರಕ್ಕೆ ಎಲೆ ಬೇರೆ ಬೇರೆ ಇದೆ" ಅಂದ. ಅಲ್ಲಿಯವರೆಗೆ ಅವನಿಗೆ ಮರ ಅಂದರೆ ಒಂದು ಹಸಿರು ಮುದ್ದೆ.

ನಿದ್ದೆಗೆ ದುಡ್ಡು ಬೇಡ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 3-4 ವರ್ಷದವರಿಗೆ ಹಗಲಿನದೂ ಸೇರಿ 10ರಿಂದ 13. ನಿದ್ದೆ ಸಾಲದ ಮಗುವಿಗೆ ಯಾವ ಆಟಿಕೆ ತಂದರೂ ಅಳುವೇ.

ಬೇರೆಯವರು ಕೊಟ್ಟ ಹಳೇ ಸಾಮಾನು ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಬೇಡ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರುತ್ತದೆ. ಬಟನ್ ಬ್ಯಾಟರಿ ಇರುವ ಹಳೇ ಆಟಿಕೆಗಳ ಮುಚ್ಚಳ ಸ್ಕ್ರೂ ಹಾಕಿ ಭದ್ರ ಇದೆಯಾ ನೋಡಿ. ಮಗು ಆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಕಾಯಬೇಡಿ, ಓಡಿ.

ಇನ್ನು ಖುಷಿಯ ಒಂದು ಸುದ್ದಿ. ಜಮೈಕಾದಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಜೊತೆಗಾರರು ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ತೆಗೆದುಕೊಂಡು ಒಂದು ಕೆಲಸ ಮಾಡಿದರು. ಅವರಲ್ಲಿ ಕೆಲವರ ಮನೆಗೆ ನನ್ನಂಥ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಒಂದು ಗಂಟೆ ಹೋಗುವುದು. ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ಅಮ್ಮನಿಗೆ ತೋರಿಸುವುದು. ಎರಡು ವರ್ಷ, ಅಷ್ಟೇ. ಇಪ್ಪತ್ತು ವರ್ಷ ಆದ ಮೇಲೆ ಹುಡುಕಿ ನೋಡಿದರೆ, ಭೇಟಿ ಸಿಕ್ಕ ಮಕ್ಕಳ ಸಂಪಾದನೆ ಸಿಗದವರಿಗಿಂತ 25% ಜಾಸ್ತಿ ಇತ್ತು. ಸೂಜಿದಾರ ಅಕ್ಕನ ಅಟ್ಟದ ಮೂಟೆಯನ್ನು ಹಗುರವಾಗಿ ನೋಡಬೇಡಿ!

ಚಿಲಿಪಿಲಿ:
ಮೊಬೈಲ್ ವಿಷಯ ಯಾರೂ ಎತ್ತಲಿಲ್ವಲ್ಲ? ಖರ್ಚಿಲ್ಲದೆ ಮಗು ಸುಮ್ಮನೆ ಕೂರುವುದು ಅದೊಂದರಿಂದಲೇ.

ನರ್ಸಕ್ಕ:
2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು: 2 ವರ್ಷದೊಳಗೆ ಬೇಡವೇ ಬೇಡ, 2ರಿಂದ 4ರವರೆಗೆ ದಿನಕ್ಕೆ ಒಂದು ಗಂಟೆ ದಾಟದಿರಲಿ, ಇನ್ನೂ ಕಡಿಮೆ ಆದರೆ ಒಳ್ಳೆಯದು. ಒಬ್ಬರೇ ಅಡುಗೆ ಮಾಡುವಾಗ ಇಪ್ಪತ್ತು ನಿಮಿಷ ಕೊಟ್ಟರೆ ಪ್ರಳಯ ಆಗಲ್ಲ. ಈ ಚರ್ಚೆ ಬೇರೆ ದಿನ ಮಾಡೋಣ, ಇಲ್ಲಿ ಶುರುವಾದರೆ ಮುಗಿಯಲ್ಲ.

ಇಬ್ಬರ ಅಮ್ಮ:
ಎಲ್ಲರಿಗೂ ಏನು ಹೇಳಲಿ. ನಾಲ್ಕು ದಿನ ಬರೆಯಲು ಆಗಲಿಲ್ಲ, ಆದರೆ ದಿನಾ ಓದುತ್ತಿದ್ದೆ.

ಭಾನುವಾರ ಮಗಳ ಜೊತೆ ಒಗೆದ ಬಟ್ಟೆ ಮಡಚುತ್ತಾ ಹೇಳಿದೆ. ಮೇಷ್ಟ್ರು ಬರೆದುಕೊಟ್ಟ ಮಾತುಗಳೇ, ಮಧ್ಯೆ ಎರಡು ಸಲ ಗಂಟಲು ಕಟ್ಟಿತು. ಅವಳು ಒಂದು ಟವೆಲನ್ನೇ ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ಆಮೇಲೆ ಮೂರು ಪ್ರಶ್ನೆ ಕೇಳಿದಳು. ಮನೆ ಬಿಡಬೇಕಾ? ಬೇಡ ಅಂದೆ. ತಮ್ಮನಿಗೆ ಗೊತ್ತಾ? ಅವನಿಗೆ ಅಷ್ಟೆಲ್ಲ ಅರ್ಥ ಆಗಲ್ಲ ಅಂದೆ. ಮೂರನೇದು, "ಅಪ್ಪ ಅದಕ್ಕೇನಾ ಈಗ ಹಾಡು ಹೇಳಲ್ಲ?" ಅಂತ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಸ್ನಾನ ಮಾಡುವಾಗ ಹಾಡುತ್ತಿದ್ದರು. ನಿಲ್ಲಿಸಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ರಾತ್ರಿ ಅವರಿಗೆ ಹೇಳಿದೆ. ಏನೂ ಮಾತಾಡಲಿಲ್ಲ. ಸೋಮವಾರ ಬೆಳಗ್ಗೆ ಬಚ್ಚಲಿನಿಂದ ಹಾಡು ಬಂತು, ಮೊದಲಿಗಿಂತ ಕೆಟ್ಟದಾಗಿ. ಮಗಳು ಹಲ್ಲುಜ್ಜುತ್ತಾ ನನ್ನ ಕಡೆ ನೋಡಿದಳು, ಬಾಯಿ ತುಂಬ ನೊರೆ.

ಕ್ಲಾಸ್ ಟೀಚರನ್ನೂ ನೋಡಿ ಬಂದೆ. ಈ ಪ್ರವಾಸದ ಪಟ್ಟಿ ಮುಗಿದಿದೆ, ಅದು ಹೋಯಿತು. ಮುಂದಿನದಕ್ಕೆ ಮೂರು ಕಂತು ಮಾಡಿಕೊಡುತ್ತಾರಂತೆ. ಒಂದು ವರ್ಷದಿಂದ ಕೇಳದೇ ಕೂತಿದ್ದೆ ನೋಡಿ. ನಿನ್ನೆ ಮಗಳು ಇನ್ನೊಂದು ಸುತ್ತೋಲೆ ತಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಟಳು. ಒಂದೇ ಮಡಿಕೆ.

ಸೂಜಿದಾರ ಅಕ್ಕ, ನಿಮಗೊಂದು ಪ್ರಶ್ನೆ. ಮಗನಿಗೆ ಫ್ರಿಜ್ಜಿನ ದೊಡ್ಡ ರಟ್ಟಿನ ಡಬ್ಬ ಸಿಕ್ಕಿದೆ, ಕೆಳಗಿನ ಮನೆಯವರು ಕೊಟ್ಟರು. ಬಾಗಿಲು ಕತ್ತರಿಸಿಕೊಟ್ಟೆ. ದಿನಕ್ಕೆ ನೂರು ಸಲ ತೆಗೆದು ಹಾಕಿ ಮಡಿಸುವ ಕಡೆ ಹರಿಯುತ್ತಿದೆ. ಟೇಪು ಹಚ್ಚಿದರೆ ಎರಡೇ ದಿನಕ್ಕೆ ಎದ್ದು ಬರುತ್ತದೆ. ಏನು ಮಾಡಲಿ?

ಸೂಜಿದಾರ:
ಟೇಪು ನಿಲ್ಲಲ್ಲ. ಹಳೇ ಕಾಟನ್ ಬಟ್ಟೆ ನಾಲ್ಕು ಬೆರಳು ಅಗಲ ಹರಿದುಕೊಳ್ಳಿ. ಹಿಟ್ಟಿನ ಅಂಟು ಕಾಯಿಸಿ ಎರಡೂ ಕಡೆ ತೆಳ್ಳಗೆ ಸವರಿ, ಒಳಗೊಂದು ಹೊರಗೊಂದು ಪಟ್ಟಿ ಅಂಟಿಸಿ. ಬಾಗಿಲು ಅರ್ಧ ತೆರೆದಿಟ್ಟು ಒಣಗಿಸಿ, ಪೂರ್ತಿ ಮುಚ್ಚಿ ಒಣಗಿಸಿದರೆ ತೆರೆಯುವಾಗ ಬಿರುಕು ಬಿಡುತ್ತದೆ. ರಾತ್ರಿ ಅವನು ಮಲಗಿದ ಮೇಲೆ ಮಾಡಿ, ಇಲ್ಲದಿದ್ದರೆ ಒಣಗಲು ಬಿಡಲ್ಲ.